ಸೈಕಲ್ ಹೆಡ್ ಬೇರಿಂಗ್ ಮನೆಯಲ್ಲೇ ಬದಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ರಿಪೇರಿ ಅಂದ ಕೂಡಲೇ ಎಲ್ಲರೂ ಪಂಚರ್, ಚೈನು, ಬ್ರೇಕ್ ಬಗ್ಗೆ ಕೇಳುತ್ತಾರೆ. ಹ್ಯಾಂಡಲ್ ಕೆಳಗೆ ಕೂತಿರುವ ಬೇರಿಂಗ್ ಬಗ್ಗೆ ಕೇಳುವವರು ಕಡಿಮೆ. ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ಸೈಕಲ್ ನೆಟ್ಟಗೆ ಹೋಗುವುದು, ತಿರುವಿನಲ್ಲಿ ನಾವು ಹೇಳಿದಂತೆ ಕೇಳುವುದು, ಎಲ್ಲ ಅದರ ಮೇಲೇ ನಿಂತಿದೆ. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರಿಗೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಹೆಡ್ ಬೇರಿಂಗ್ ಅಂದರೆ ಯಾವುದು?

ಫ್ರೇಮಿನ ಮುಂದುಗಡೆ ನಿಂತಿರುವ ಗಿಡ್ಡ ಪೈಪ್ ನೋಡಿ. ಅದು ಹೆಡ್ ಟ್ಯೂಬ್. ಮುಂದಿನ ಚಕ್ರವನ್ನು ಹಿಡಿದಿರುವ ಕವಲು ಫೋರ್ಕ್; ಅದರ ಪೈಪ್ ಹೆಡ್ ಟ್ಯೂಬಿನೊಳಗಿಂದ ಮೇಲೆ ಬಂದು ಹ್ಯಾಂಡಲ್‌ಗೆ ಸೇರುತ್ತದೆ. ಹೆಡ್ ಟ್ಯೂಬಿನ ಮೇಲಿನ ಬಾಯಲ್ಲಿ ಒಂದು ಬೇರಿಂಗ್, ಕೆಳಗಿನ ಬಾಯಲ್ಲಿ ಇನ್ನೊಂದು. ಕಪ್ (ಬಟ್ಟಲಿನಂಥ ಉಂಗುರ), ಕೋನ್ (ಅದಕ್ಕೆ ಎದುರು ಕೂರುವ ಇಳಿಜಾರು ಉಂಗುರ), ಇವೆರಡರ ನಡುವೆ ಓಡುವ ಬಾಲ್ಸ್ (ಗುಂಡುಗಳು), ಲಾಕ್ ನಟ್ ಎಲ್ಲ ಸೇರಿದ ಸೆಟ್ಟಿಗೆ ಅಂಗಡಿಯಲ್ಲಿ ‘ಹೆಡ್ ಫಿಟಿಂಗ್’ ಅನ್ನುತ್ತಾರೆ. ಬೈಕ್ ಇಟ್ಟುಕೊಂಡವರಿಗೆ ‘ಕೋನ್ ಸೆಟ್’ ಅಂದರೆ ತಕ್ಷಣ ತಿಳಿಯುತ್ತದೆ. ಅದೇ ಕೆಲಸ ಮಾಡುವ ಭಾಗ ಇದು.

ಸವೆದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಎರಡು ಪರೀಕ್ಷೆ ಸಾಕು.

ಮೊದಲನೆಯದು: ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಇನ್ನೊಂದು ಕೈಯ ಬೆರಳನ್ನು ಹೆಡ್ ಟ್ಯೂಬ್ ಮತ್ತು ಫೋರ್ಕ್ ಸೇರುವ ಸಂದಿಯ ಮೇಲೆ ಇಟ್ಟಿರಿ. ಬೆರಳಿನ ಕೆಳಗೆ ‘ಟಕ್ ಟಕ್’ ಅಂತ ಅಲುಗಾಟ ಸಿಕ್ಕಿದರೆ ಬೇರಿಂಗ್‌ನಲ್ಲಿ ಪ್ಲೇ ಇದೆ.

ಎರಡನೆಯದು: ಮುಂದಿನ ಚಕ್ರವನ್ನು ನೆಲದಿಂದ ಮೇಲೆತ್ತಿ, ಹ್ಯಾಂಡಲ್ಲನ್ನು ಒಂದೇ ಬೆರಳಿನಿಂದ ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಬೆಣ್ಣೆಯಲ್ಲಿ ತಿರುಗಿದ ಹಾಗಿರಬೇಕು. ಮರಳು ಅರೆದ ಹಾಗೆ ‘ಗರಗರ’ ಅಂದರೆ ಒಳಗೆ ತುಕ್ಕು ಅಥವಾ ಕೊಳೆ ಇದೆ. ಹ್ಯಾಂಡಲ್ ನೆಟ್ಟಗೆ ಇರುವ ಜಾಗದಲ್ಲೇ ಸಣ್ಣ ಗುಳಿಗೆ ಬಿದ್ದ ಹಾಗೆ ಸಿಕ್ಕಿಕೊಂಡರೆ ಸವೆತ ಖಂಡಿತ. ಇದನ್ನು ಬರೀ ಗ್ರೀಸ್ ಹಾಕಿ ಸರಿಮಾಡಲು ಆಗುವುದಿಲ್ಲ.

‘ಟಕ್ ಟಕ್’ ಬೇರೆ ಕಡೆಯಿಂದ ಬರುತ್ತಿರಬಹುದಲ್ವಾ?

ಬರಬಹುದು. ಮುಂದಿನ ಚಕ್ರದ ನಡುವಿನ ಹಬ್ ಸಡಿಲವಾಗಿದ್ದರೂ ಹಾಗೇ ಅನ್ನಿಸುತ್ತದೆ. ಚಕ್ರವನ್ನು ರಿಮ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಿ, ಅಲ್ಲಿ ಆಡಿದರೆ ತಪ್ಪು ಹಬ್ಬಿನದು. ಬ್ರೇಕ್ ಪ್ಯಾಡ್ ಸಡಿಲವಾಗಿದ್ದರೂ ಸದ್ದು ಬರುತ್ತದೆ. ಶಾಕ್ ಇರುವ ಫೋರ್ಕ್ ಆದರೆ ಅದರ ಕಾಲುಗಳೇ ಸವೆದು ಆಡುತ್ತಿರಬಹುದು. ಅದಕ್ಕೇ ಸಂದಿಯ ಮೇಲೆ ಬೆರಳು ಇಡಿ ಅಂದದ್ದು. ಕಿವಿಗೆ ಮೋಸ ಆಗುತ್ತದೆ, ಬೆರಳಿಗೆ ಅಷ್ಟು ಸುಲಭವಾಗಿ ಆಗುವುದಿಲ್ಲ.

ಚಕ್ರದ ಬೇರಿಂಗ್ ಅಷ್ಟು ತಿರುಗಿದರೂ ಬಾಳುತ್ತದೆ. ಇದು ಅಲ್ಪಸ್ವಲ್ಪ ತಿರುಗುವಂಥದ್ದು, ಬೇಗ ಯಾಕೆ ಹಾಳಾಗುತ್ತದೆ?

ಅಲ್ಪಸ್ವಲ್ಪ ತಿರುಗುವುದರಿಂದಲೇ. ಚಕ್ರ ತಿರುಗುವಾಗ ಬಾಲ್ಸ್ ಸುತ್ತು ಹೊಡೆಯುತ್ತಲೇ ಇರುತ್ತವೆ, ಗ್ರೀಸ್ ಎಲ್ಲ ಕಡೆ ಹರಡುತ್ತಲೇ ಇರುತ್ತದೆ. ಹ್ಯಾಂಡಲ್ ಹಾಗಲ್ಲ. ನೆಟ್ಟಗೆ ಹೋಗುವಾಗ ಅದು ಆಡುವುದು ಒಂದೆರಡು ಡಿಗ್ರಿ ಅಷ್ಟೆ. ಪ್ರತಿ ಗುಂಡೂ ತನ್ನ ಜಾಗದಲ್ಲೇ ಕೂತು ಅಲುಗುತ್ತಿರುತ್ತದೆ. ರಸ್ತೆಯ ಅದುರಾಟಕ್ಕೆ ಆ ಜಾಗದ ಗ್ರೀಸ್ ಪಕ್ಕಕ್ಕೆ ಸರಿದುಹೋಗುತ್ತದೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಕೆಂಪು ಮಿಶ್ರಿತ ಕಂದು ಪುಡಿ ಏಳುತ್ತದೆ, ಗುಂಡು ಕೂತ ಕಡೆ ಗುಳಿ ಬೀಳುತ್ತದೆ. ಸ್ಪೀಡ್ ಬ್ರೇಕರ್, ಹೊಂಡದ ಏಟಿನಿಂದಲೇ ಗುಳಿ ಬೀಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ಸಣ್ಣ ಉಜ್ಜಾಟದ್ದೇ ಅದರಲ್ಲಿ ದೊಡ್ಡ ಪಾಲು.

ಮೇಲಿನದಕ್ಕಿಂತ ಕೆಳಗಿನ ಬೇರಿಂಗ್ ಬೇಗ ಹೋಗುತ್ತದೆ. ಭಾರ ಬೀಳುವುದೂ ಅದರ ಮೇಲೆ, ಮುಂದಿನ ಚಕ್ರ ಎರಚುವ ಕೆಸರು ನೀರು ಸೇರುವುದೂ ಅಲ್ಲೇ. ಮಲೆನಾಡಿನ ಮಳೆಯಲ್ಲಿ ಮಡ್‌ಗಾರ್ಡ್ ಇಲ್ಲದೆ ಓಡಿಸಿದ ಸೈಕಲ್ ಬಿಚ್ಚಿದರೆ ಇದು ಕಣ್ಣಾರೆ ಕಾಣುತ್ತದೆ. ಕರಾವಳಿಯ ಉಪ್ಪುಗಾಳಿ ಇನ್ನೂ ಕೆಟ್ಟದ್ದು. ಮನೆಯೊಳಗೆ ಟ್ರೈನರ್ (ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ಸೈಕಲ್ ತುಳಿಯುವವರಿಗೆ ಇನ್ನೊಂದು ಮಾತು: ನಿಮ್ಮ ಬೆವರು ತೊಟ್ಟಿಕ್ಕುವುದು ಸರಿಯಾಗಿ ಮೇಲಿನ ಬೇರಿಂಗ್ ಮೇಲೇ. ಒಂದು ಟವೆಲ್ ಹೊದಿಸಿ.

ಸುಮ್ನೆ ಟೈಟ್ ಮಾಡಿದರೆ ಸಾಲದಾ?

ಬರೀ ಸಡಿಲವಾಗಿದ್ದರೆ ಸಾಕು. ಟೈಟ್ ಮಾಡಿದ ಮೇಲೂ ಹ್ಯಾಂಡಲ್ ನುಣ್ಣಗೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಗುಳಿ ಬಿದ್ದಿದ್ದರೆ ಟೈಟ್ ಮಾಡಬೇಡಿ, ಅದು ಅಪಾಯ.

ನನ್ನ ಮಗಳ ಸೈಕಲ್‌ನಲ್ಲಿ ಹೀಗೇ ಆಯಿತು. ಸದ್ದು ಬರುತ್ತಿದೆ ಅಂತ ಒಂದು ಅಂಗಡಿಗೆ ಕೊಟ್ಟೆ. ಐದೇ ನಿಮಿಷದಲ್ಲಿ ಲಾಕ್ ನಟ್ ಬಿಗಿದು ವಾಪಸ್ ಕೊಟ್ಟರು. ಸದ್ದು ನಿಂತಿತು. ಆದರೆ ಮರುದಿನ ಅವಳು, ‘ಅಪ್ಪಾ, ಸೈಕಲ್ ತಾನೇ ಒಂದು ಕಡೆ ಎಳೆಯುತ್ತೆ, ನೆಟ್ಟಗೆ ಹೋಗೋಕೆ ಬಿಡಲ್ಲ’ ಅಂದಳು. ನೆಟ್ಟಗೆ ಹೋಗುವಾಗ ಹ್ಯಾಂಡಲ್ ಗುಳಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸೈಕಲ್ ಸಮತೋಲ ಕಾಯ್ದುಕೊಳ್ಳುವುದೇ ಹ್ಯಾಂಡಲ್ಲಿನ ಚಿಕ್ಕ ಚಿಕ್ಕ ತಿರುವುಗಳಿಂದ. ಆ ತಿರುವುಗಳನ್ನೇ ಬಿಗಿ ಹಿಡಿದರೆ ಸವಾರ ಬಲವಂತವಾಗಿ ತಿರುಗಿಸಬೇಕಾಗುತ್ತದೆ, ಆಗ ಜಾಸ್ತಿ ತಿರುಗಿಬಿಡುತ್ತದೆ. ಮಗು ಬಸ್ಸುಗಳ ನಡುವೆ ಓಡಿಸುವ ಸೈಕಲ್ ಅದು. ಅವತ್ತು ಸಂಜೆಯೇ ಬಿಚ್ಚಿದೆ.

ಕೆಳಗಿನ ಕಪ್‌ನಲ್ಲಿ ಗ್ರೀಸ್ ಅನ್ನುವುದೇ ಉಳಿದಿರಲಿಲ್ಲ. ಕಾಫಿ ಚರಟದ ಹಾಗೆ ಒಣಗಿದ ಕಂದು ಪುಡಿ. ಎರಡು ಗುಂಡು ಒಡೆದು ಹೋಳಾಗಿದ್ದವು. ಕೋನನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದಾಗ ಸುತ್ತಲೂ ಸಮ ಅಂತರದಲ್ಲಿ ಗುಳಿಗಳು ಕಂಡವು, ಇಡ್ಲಿ ತಟ್ಟೆಯ ಹಾಗೆ. ಉಗುರು ಆಡಿಸಿದರೆ ಪ್ರತಿ ಗುಳಿಯಲ್ಲೂ ತಡೆಯುತ್ತಿತ್ತು.

ನನ್ನ ಸೈಕಲ್‌ನಲ್ಲಿ ಯಾವ ತರಹದ್ದಿದೆ?

ಹ್ಯಾಂಡಲ್ ಬುಡದಲ್ಲಿ ದೊಡ್ಡ ಆರು ಮೂಲೆ ನಟ್ ಇದ್ದು, ಅದರೊಳಗಿಂದ ಹ್ಯಾಂಡಲ್ಲನ್ನು ಹಿಡಿದಿರುವ ತೆಳ್ಳನೆಯ ಕಂಬ, ಅಂದರೆ ಸ್ಟೆಮ್, ಮೇಲೆ ಬಂದಿದ್ದರೆ ಅದು ಥ್ರೆಡ್ ಇರುವ ಹಳೆ ಮಾದರಿ. ಹಾಲಿನವರ, ಪೇಪರ್ ಹಾಕುವವರ ಕರಿ ಸೈಕಲ್, ಲೇಡೀಸ್ ಸೈಕಲ್, 2006-07ರಿಂದ ಸರ್ಕಾರ 8ನೇ ತರಗತಿ ಮಕ್ಕಳಿಗೆ ಹಂಚಿದಂಥ ಸಾದಾ ಸೈಕಲ್, ಎಲ್ಲ ಈ ಜಾತಿ. ಇದರಲ್ಲಿ ಫೋರ್ಕ್ ಪೈಪ್ ಸಾಮಾನ್ಯವಾಗಿ 1 ಇಂಚು ದಪ್ಪ.

ದೊಡ್ಡ ನಟ್ ಇಲ್ಲದೆ, ಸ್ಟೆಮ್ ಪಕ್ಕದಲ್ಲಿ ಎರಡು ಅಲೆನ್ ಬೋಲ್ಟ್, ತಲೆಯ ಮೇಲೆ ಒಂದು ಮುಚ್ಚಳ ಇದ್ದರೆ ಅದು ಥ್ರೆಡ್ ಇಲ್ಲದ ಮಾದರಿ. 1990ರ ದಶಕದಲ್ಲಿ ಮೌಂಟೇನ್ ಬೈಕ್‌ಗಳ ಜೊತೆ ಬಳಕೆಗೆ ಬಂತು. ಈಗಿನ ಗೇರ್ ಸೈಕಲ್‌ಗಳಲ್ಲಿ ಹೆಚ್ಚಿನವು ಇದೇ. ಮೇಲ್ಗಡೆ ಪೈಪ್ ಸಾಮಾನ್ಯವಾಗಿ 28.6 ಮಿ.ಮೀ.

ಎರಡರಲ್ಲೂ ಕೆಲಸದ ತತ್ವ ಒಂದೇ. ಬಿಚ್ಚುವ ರೀತಿ ಬೇರೆ.

ಏನೇನು ಸಾಮಾನು ಬೇಕು?

ಥ್ರೆಡ್ ಮಾದರಿಗೆ: ಲಾಕ್ ನಟ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರ್ (ಹೆಚ್ಚಾಗಿ 30 ಅಥವಾ 32 ಮಿ.ಮೀ.; 12 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್ ಇದ್ದರೂ ನಡೆಯುತ್ತದೆ), ಸ್ಟೆಮ್ ಬೋಲ್ಟಿಗೆ ಸ್ಪ್ಯಾನರ್ ಅಥವಾ ಅಲೆನ್ ಕೀ, ಸುತ್ತಿಗೆ, ಒಂದು ಮರದ ತುಂಡು, ಹಳೆಯ ಉದ್ದ ಸ್ಕ್ರೂಡ್ರೈವರ್. ಥ್ರೆಡ್ ಇಲ್ಲದ್ದಕ್ಕೆ 4, 5, 6 ಮಿ.ಮೀ. ಅಲೆನ್ ಕೀ, ಸಾಧ್ಯವಾದರೆ ಒಂದು ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಉಪಕರಣ). ಎರಡಕ್ಕೂ ಗ್ರೀಸ್, ಹಳೇ ಬಟ್ಟೆ, ಹಳೇ ಟೂತ್‌ಬ್ರಷ್, ಒಂದು ಅಯಸ್ಕಾಂತ. ಪೈಪ್ ರೆಂಚ್ ಬೇಡ, ಅದು ನಟ್ಟಿನ ಮೂಲೆ ತಿಂದುಹಾಕುತ್ತದೆ.

ಕೆಳಗೆ ಹಳೆಯ ಪಂಚೆಯೋ ಬೆಡ್‌ಶೀಟೋ ಹಾಸಿ. ಇದನ್ನು ಮಾತ್ರ ಮರೆಯಬೇಡಿ. ಸಿಮೆಂಟ್ ನೆಲಕ್ಕೆ ಬಿದ್ದ ಗುಂಡು ಮಂಚದ ಕೆಳಗೆ ಹೋಗಿ ಸೇರುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಅದು ಬಾಯಿಗೆ ಹಾಕಿಕೊಳ್ಳುವ ಅಪಾಯವೂ ಇದೆ.

ಅಂಗಡಿಯಲ್ಲಿ ಏನಂತ ಕೇಳಬೇಕು?

ಮೊದಲು ಬಿಚ್ಚಿ, ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಅಂದಾಜಿನ ಮೇಲೆ ತಂದದ್ದು ಕೂರುವುದಿಲ್ಲ.

ಸಾದಾ ಸೈಕಲ್‌ಗೆ ಇಡೀ ಹೆಡ್ ಫಿಟಿಂಗ್ ಸೆಟ್ ತಾಲ್ಲೂಕು ಕೇಂದ್ರದ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ದೇಶದ ಸೈಕಲ್ ಬಿಡಿಭಾಗಗಳ ದೊಡ್ಡ ಕೇಂದ್ರ ಪಂಜಾಬಿನ ಲುಧಿಯಾನ. ನಮ್ಮ ಅಂಗಡಿಗಳಿಗೂ ಮಾಲು ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಬೆಲೆ ಕಡಿಮೆ, ಹಾಗಾಗಿ ಬರೀ ಬಾಲ್ಸ್ ಕೊಳ್ಳುವ ಬದಲು ಸೆಟ್ ತರುವುದು ಮೇಲು. ಕಪ್, ಕೋನ್ ನುಣ್ಣಗಿದ್ದು ಬಾಲ್ಸ್ ಮಾತ್ರ ಹೋಗಿದ್ದರೆ ಬಾಲ್ಸ್ ಸಾಕು. ಸಾಮಾನ್ಯ ಅಳತೆ 5/32 ಇಂಚು, ಅಂದರೆ 4 ಮಿ.ಮೀ.ಗೆ ಕೂದಲೆಳೆ ಕಡಿಮೆ. ಹಳೆಯದು, ಹೊಸದು ಬೆರೆಸಬೇಡಿ. ಸವೆದ ಗುಂಡು ಗಾತ್ರದಲ್ಲಿ ಚಿಕ್ಕದಾಗಿರುತ್ತದೆ, ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ಗೇರ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಉಂಗುರದಂಥ ಸೀಲ್ಡ್ ಬೇರಿಂಗ್ ಇರುತ್ತದೆ. ಅದರ ಮೈಮೇಲೆ ಅಳತೆ ಬರೆದಿರುತ್ತದೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಜೊತೆಗೆ 36×45 ಅಥವಾ 45×45 ಅಂತ ಅಂಚುಗಳ ಇಳಿಜಾರು ಎಷ್ಟು ಡಿಗ್ರಿ ಅನ್ನುವ ಎರಡು ಅಂಕಿ. ಕೊನೆಯ ಎರಡು ಅಂಕಿಗಳನ್ನು ಬಿಟ್ಟು ಅಳತೆ ಹೇಳಿದರೆ ತಪ್ಪು ಮಾಲು ಕೈಗೆ ಬರುತ್ತದೆ. ಹೊರವ್ಯಾಸ 41 ಮತ್ತು 41.8 ಮಿ.ಮೀ. ಎರಡೂ ಇವೆ, ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಅಕ್ಷರ ಅಳಿಸಿದ್ದರೆ ವರ್ನಿಯರ್‌ನಲ್ಲಿ ಅಳೆಯಿರಿ.

ಥ್ರೆಡ್ ಮಾದರಿ ಬಿಚ್ಚುವುದು ಹೇಗೆ?

ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಪ್ರತಿ ಹಂತದಲ್ಲೂ ತೆಗೆಯಿರಿ.

ಮುಂದಿನ ಚಕ್ರ ತೆಗೆದು, ಬ್ರೇಕ್ ಬಿಡಿಸಿ. ರಾಡ್ ಬ್ರೇಕ್ ಆದರೆ ರಾಡ್ ಎಲ್ಲಿಯವರೆಗೆ ಕೂತಿತ್ತು ಅಂತ ಮಾರ್ಕರ್‌ನಲ್ಲಿ ಗೆರೆ ಹಾಕಿ, ಮತ್ತೆ ಬ್ರೇಕ್ ಹೊಂದಿಸುವ ಶ್ರಮ ಉಳಿಯುತ್ತದೆ. ಸ್ಟೆಮ್ ತಲೆಯ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಅದರ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಏಟು ಕೊಡಿ. ಒಳಗೆ ಬಿಗಿದುಕೊಂಡ ಆಪು (ಬೆಣೆ) ಕೆಳಗೆ ಜಾರುತ್ತದೆ, ಹ್ಯಾಂಡಲ್ ಮೇಲಕ್ಕೆ ಬರುತ್ತದೆ. ತುಕ್ಕು ಹಿಡಿದು ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬಲವೆಲ್ಲ ಹಾಕಿ ಹ್ಯಾಂಡಲ್ ತಿರುಚಬೇಡಿ, ಫೋರ್ಕ್ ಸೊಟ್ಟಗಾಗಬಹುದು.

ಲಾಕ್ ನಟ್, ವಾಷರ್ ತೆಗೆಯಿರಿ. ಈಗ ಫ್ರೇಮನ್ನು ಮಲಗಿಸಿ, ಫೋರ್ಕನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಮೇಲಿನ ಥ್ರೆಡ್ ಕಪ್ಪನ್ನು ತಿರುಗಿಸಿ ತೆಗೆಯಿರಿ. ಬಾಲ್ಸ್ ಇಲ್ಲಿಂದಲೇ ಉದುರಲು ಶುರುವಾಗುತ್ತವೆ. ಮೇಲಿನವು ಒಂದು ಡಬ್ಬಿಗೆ, ಕೆಳಗಿನವು ಇನ್ನೊಂದಕ್ಕೆ. ಎಣಿಸಿ ಬರೆದಿಡಿ. ಬಾಲ್ಸ್ ಬಿಡಿಬಿಡಿಯಾಗಿರದೆ ಪಂಜರದಲ್ಲಿದ್ದರೆ (ಗುಂಡುಗಳನ್ನು ಒಟ್ಟಿಗೆ ಹಿಡಿದಿಡುವ ಉಂಗುರ) ಅದು ಯಾವ ಮುಖ ಮಾಡಿ ಕೂತಿತ್ತು ಅಂತ ಫೋಟೊ ತೆಗೆಯುವುದು ಬಿಡಬೇಡಿ.

ಫ್ರೇಮಿಗೆ ಬಿಗಿದ ಕಪ್ ತೆಗೆದು ಹೊಸದು ಕೂರಿಸಲು ಪ್ರೆಸ್ ಬೇಕಲ್ವಾ?

ಅಂಗಡಿಯಲ್ಲಿ ಪ್ರೆಸ್, ಅಂದರೆ ಕಪ್ಪನ್ನು ನೇರವಾಗಿ ಒತ್ತಿ ಕೂರಿಸುವ ಉಪಕರಣ, ಇರುತ್ತದೆ. ಮನೆಯಲ್ಲಿ ನಾವೇ ಒಂದು ಮಾಡಿಕೊಳ್ಳಬಹುದು.

ತೆಗೆಯುವುದು ಸುಲಭ. ಹೆಡ್ ಟ್ಯೂಬಿನ ಇನ್ನೊಂದು ಬಾಯಿಂದ ಉದ್ದ ಸ್ಕ್ರೂಡ್ರೈವರ್ ತೂರಿಸಿ, ಕಪ್ಪಿನ ಒಳ ಅಂಚಿಗೆ ಒತ್ತಿ. ಒಂದು ಏಟು ಎಡಕ್ಕೆ, ಒಂದು ಬಲಕ್ಕೆ, ಒಂದು ಮುಂದೆ, ಒಂದು ಹಿಂದೆ. ಒಂದೇ ಕಡೆ ಬಡಿದರೆ ಕಪ್ ಓರೆಯಾಗಿ ಸಿಕ್ಕಿಕೊಂಡು ಹೆಡ್ ಟ್ಯೂಬನ್ನೇ ಹಿಗ್ಗಿಸುತ್ತದೆ.

ಕೂರಿಸಲು ಹಾರ್ಡ್‌ವೇರ್ ಅಂಗಡಿಯಿಂದ 12 ಮಿ.ಮೀ.ನ ಥ್ರೆಡ್ ರಾಡ್ ಒಂದು ಅಡಿ, ಎರಡು ನಟ್, ಕಪ್ಪಿಗಿಂತ ಅಗಲವಾದ ದಪ್ಪ ವಾಷರ್‌ಗಳನ್ನು ತನ್ನಿ. ಹೆಡ್ ಟ್ಯೂಬ್ ಒಳಗೆ ಒರೆಸಿ ತೆಳ್ಳಗೆ ಗ್ರೀಸ್ ಸವರಿ. ಒಂದು ಸಲಕ್ಕೆ ಒಂದೇ ಕಪ್. ನಟ್ ಬಿಗಿಯುತ್ತಾ ಹೋದಂತೆ ಕಪ್ ಒಳಗೆ ಹೋಗುತ್ತದೆ. ಓರೆಯಾಗುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ, ತೆಗೆದು ಮತ್ತೆ ಶುರುಮಾಡಿ. ವಾಷರ್ ಕಪ್ಪಿನ ಹೊರ ಅಂಚನ್ನು ಮಾತ್ರ ಒತ್ತಬೇಕು, ಬಾಲ್ಸ್ ಓಡುವ ನುಣುಪು ದಾರಿಯನ್ನು ಮುಟ್ಟಬಾರದು. ಪೂರ್ತಿ ಕೂತಾಗ ಕಪ್ಪಿಗೂ ಫ್ರೇಮಿಗೂ ನಡುವೆ ಬೆಳಕು ಕಾಣುವುದಿಲ್ಲ.

ಫೋರ್ಕಿನ ಬುಡದ ಕೋನ್ ಕೂರಿಸಲು ಒಂದು ಉಪಾಯ ಇದೆ. ಹೊಸ ಕೋನಿನ ಮೇಲೆ ಹಳೆ ಕೋನನ್ನು ತಲೆಕೆಳಗು ಇಟ್ಟು, ಅದರ ಮೇಲೆ 1 ಇಂಚಿನ ಜಿ.ಐ. ಪೈಪ್ ತುಂಡು ತೂರಿಸಿ ಬಡಿಯಿರಿ. ಏಟು ಹಳೆಯದಕ್ಕೆ ಬೀಳುತ್ತದೆ, ಹೊಸದರ ಮೈ ಉಳಿಯುತ್ತದೆ. ಸದ್ದು ಬದಲಾಗಿ ಗಟ್ಟಿ ‘ಠಣ್’ ಅಂದಾಗ ಕೂತಿತು ಅಂತ ಅರ್ಥ.

ಬಾಲ್ಸ್ ಎಷ್ಟು ಹಾಕಬೇಕು?

ಕಪ್ಪಿಗೆ ಧಾರಾಳವಾಗಿ ಗ್ರೀಸ್ ತುಂಬಿ, ಗುಂಡುಗಳನ್ನು ಒಂದೊಂದಾಗಿ ಅದರಲ್ಲಿ ಅಂಟಿಸಿ. ಸುತ್ತು ಪೂರ್ತಿಯಾದ ಮೇಲೆ ಒಂದನ್ನು ತೆಗೆಯಿರಿ. ಗುಂಡುಗಳಿಗೆ ಸ್ವಲ್ಪ ಉಸಿರಾಡಲು ಜಾಗ ಬೇಕು. ಪಂಜರದ ಬಾಲ್ಸ್ ಆದರೆ ಪಂಜರದ ತೆರೆದ ಮುಖ ಸಾಮಾನ್ಯವಾಗಿ ಕೋನಿನ ಕಡೆಗೆ ಇರಬೇಕು. ತಲೆಕೆಳಗಾದರೆ ಪಂಜರವೇ ಉಜ್ಜುತ್ತದೆ, ಕೈಗೆ ತಕ್ಷಣ ಗೊತ್ತಾಗುತ್ತದೆ.

ಗುಳಿ ಬಿದ್ದ ಕಪ್ಪಿಗೆ ಹೊಸ ಸೆಟ್ ಸಿಗುವವರೆಗೆ ಒಂದು ದಾರಿ: ಪಂಜರ ಬಿಸಾಡಿ ಬಿಡಿ ಬಾಲ್ಸ್ ಹಾಕಿ. ಆಗ ಗುಂಡುಗಳ ಸಂಖ್ಯೆ, ಅಂತರ ಎರಡೂ ಬದಲಾಗುತ್ತದೆ. ಎಲ್ಲ ಗುಂಡೂ ಒಟ್ಟಿಗೆ ಹಳೆ ಗುಳಿಗಳಿಗೆ ಬೀಳುವುದಿಲ್ಲ, ಹ್ಯಾಂಡಲ್ ಸಿಕ್ಕಿಕೊಳ್ಳುವುದು ತುಂಬ ಕಡಿಮೆಯಾಗುತ್ತದೆ.

ಟೈಟ್ ಎಷ್ಟಿರಬೇಕು?

ಇಡೀ ಕೆಲಸದಲ್ಲಿ ಕೈ ಪಳಗಬೇಕಾದದ್ದು ಇಲ್ಲಿ. ಒಳ್ಳೇ ಬೇರಿಂಗನ್ನೂ ತಪ್ಪು ಬಿಗಿ ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ.

ಮೇಲಿನ ಥ್ರೆಡ್ ಕಪ್ಪನ್ನು ಕೈಯಿಂದಲೇ ತಿರುಗಿಸಿ, ಬಾಲ್ಸ್‌ಗೆ ತಾಗುವವರೆಗೆ ಇಳಿಸಿ. ಅಲ್ಲಿಂದ ಒಂದು ಸುತ್ತಿನ ಎಂಟನೇ ಒಂದು ಭಾಗ ಹಿಂದಕ್ಕೆ ತನ್ನಿ. ವಾಷರ್ ಹಾಕಿ ಲಾಕ್ ನಟ್ ಬಿಗಿಯಿರಿ. ಲಾಕ್ ನಟ್ ಬಿಗಿಯುವಾಗ ಕಪ್ ಇನ್ನಷ್ಟು ಕೆಳಗೆ ಒತ್ತಿಕೊಳ್ಳುತ್ತದೆ, ಅದಕ್ಕೇ ಮೊದಲೇ ಸ್ವಲ್ಪ ಸಡಿಲ ಬಿಟ್ಟದ್ದು. ಈಗ ಹ್ಯಾಂಡಲ್ಲನ್ನು ತಾತ್ಕಾಲಿಕವಾಗಿ ಇಳಿಸಿ, ಚಕ್ರ, ಬ್ರೇಕ್ ಮತ್ತೆ ಹಾಕಿ, ಮೊದಲು ಹೇಳಿದ ಎರಡೂ ಪರೀಕ್ಷೆ ಮಾಡಿ. ಅಲುಗಿದರೆ ಸ್ವಲ್ಪ ಬಿಗಿ, ಭಾರ ಅನ್ನಿಸಿದರೆ ಸ್ವಲ್ಪ ಸಡಿಲ. ಮೊದಲ ಸಲ ನಾಲ್ಕೈದು ಬಾರಿಯಾದರೂ ಬಿಚ್ಚಿ ಬಿಗಿಯಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಅಲುಗಾಟ ನಿಂತು ಹ್ಯಾಂಡಲ್ ತನ್ನ ಭಾರಕ್ಕೇ ಪಕ್ಕಕ್ಕೆ ಬೀಳುವ ಒಂದು ಜಾಗ ಇದ್ದೇ ಇರುತ್ತದೆ.

ಸ್ಟೆಮ್ಮಿಗೆ ಗ್ರೀಸ್ ಸವರಿ ಇಳಿಸಿ. ಅದರ ಮೇಲೆ ಕನಿಷ್ಠ ಮಟ್ಟದ ಗೆರೆ ಇದ್ದರೆ ಆ ಗೆರೆ ಒಳಗೇ ಇರಬೇಕು. ಗೆರೆ ಇಲ್ಲದಿದ್ದರೆ ಎರಡೂವರೆ ಇಂಚಾದರೂ ಒಳಗಿರಲಿ. ಬಿಗಿದ ಮೇಲೆ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡಿ. ಜಾರಬಾರದು.

ಥ್ರೆಡ್ ಇಲ್ಲದ ಮಾದರಿ?

ಇದು ಇನ್ನೂ ಸುಲಭ. ತಲೆಯ ಮುಚ್ಚಳದ ಬೋಲ್ಟ್ ತೆಗೆಯಿರಿ, ಆಮೇಲೆ ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟ್ ಸಡಿಲಿಸಿ. ಸಡಿಲಿಸುವ ಮೊದಲೇ ಫೋರ್ಕನ್ನು ಕೈಯಲ್ಲಿ ಹಿಡಿದಿರಿ, ಇಲ್ಲವಾದರೆ ಜಾರಿ ಕೆಳಗೆ ಬೀಳುತ್ತದೆ. ಹ್ಯಾಂಡಲ್ಲನ್ನು ಕೇಬಲ್ ಮಡಚದ ಹಾಗೆ ದಾರದಲ್ಲಿ ಫ್ರೇಮಿಗೆ ಕಟ್ಟಿ. ಫೋರ್ಕ್ ಇಳಿಯದಿದ್ದರೆ ಸೀಳಿರುವ ಉಂಗುರ ಕಚ್ಚಿಕೊಂಡಿರುತ್ತದೆ, ರಬ್ಬರ್ ಸುತ್ತಿಗೆಯಿಂದ ಫೋರ್ಕ್ ಪೈಪಿನ ತುದಿಗೆ ಮೆಲ್ಲಗೆ ತಟ್ಟಿ.

ಹೊಸ ಬೇರಿಂಗ್ ಕೂರಿಸುವಾಗ ಒಳ ಅಂಚಿನ ಇಳಿಜಾರು ನೋಡಿ. ಮೇಲಿನ ಬೇರಿಂಗ್‌ನದು ಮೇಲೆ ನೋಡಬೇಕು, ಕೆಳಗಿನದು ಕೆಳಗೆ. ಬೇರಿಂಗ್ ಕೂರುವ ಜಾಗಕ್ಕೂ ಗ್ರೀಸ್ ಸವರಿ, ಇಲ್ಲವಾದರೆ ಕಿರುಗುಟ್ಟುತ್ತದೆ.

ಜನ ತಪ್ಪುವುದು ಕೊನೆಯಲ್ಲಿ. ತಲೆಯ ಬೋಲ್ಟ್ ಇರುವುದು ಹ್ಯಾಂಡಲ್ ಬಿಗಿಯಲು ಅಲ್ಲ, ಬೇರಿಂಗಿನ ಪ್ಲೇ ತೆಗೆಯಲು. ಸ್ಟೆಮ್ ಸಡಿಲವಾಗಿರುವಾಗಲೇ ಅದನ್ನು ಸ್ವಲ್ಪ ಸ್ವಲ್ಪ ಬಿಗಿದು ಅಲುಗಾಟ ನಿಲ್ಲಿಸಿ. ಹ್ಯಾಂಡಲ್ ನೇರ ಮಾಡಿ. ಆಮೇಲೆ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸ್ಟೆಮ್ ಮೇಲೆ ಬರೆದಷ್ಟು ಬಿಗಿಯಿರಿ. ಎಷ್ಟೋ ಸ್ಟೆಮ್‌ಗಳಲ್ಲಿ ಅದು 5 ನ್ಯೂಟನ್ ಮೀಟರ್ ಆಸುಪಾಸು. ಹ್ಯಾಂಡಲ್ ಹಿಡಿದುಕೊಳ್ಳುವುದು ಈ ಎರಡೇ ಬೋಲ್ಟ್.

ಕೊಬ್ಬರಿ ಎಣ್ಣೆ ಹಾಕಬಹುದಾ?

ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಬಿಸಿಲಿಗೆ ಹರಿದುಹೋಗುತ್ತದೆ, ಕೊನೆಗೆ ಧೂಳು ಹಿಡಿದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ಇಲ್ಲಿ ನಿಲ್ಲುವುದಿಲ್ಲ. ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಸಿಗುವ ಸಾದಾ ಲಿಥಿಯಂ ಮಲ್ಟಿಪರ್ಪಸ್ ಗ್ರೀಸ್ ಸಾಕು. ಹಳೆ ಕೊಳೆ ತೊಳೆಯಲು ಡೀಸೆಲ್ ಬಳಸಬಹುದು, ಬಯಲಲ್ಲಿ, ಒಲೆಯಿಂದ ದೂರ. ಪೆಟ್ರೋಲ್ ಬೇಡ.

ಯಾವಾಗ ನಾವೇ ಮಾಡಬಾರದು?

ಫೋರ್ಕ್ ಅಥವಾ ಹೆಡ್ ಟ್ಯೂಬ್‌ನಲ್ಲಿ ಬಿರುಕು ಕಂಡರೆ ಸೈಕಲ್ ಓಡಿಸುವುದನ್ನೇ ನಿಲ್ಲಿಸಿ. ಹೊಸ ಕಪ್ ಕೈಯಿಂದ ಒತ್ತಿದರೇ ಒಳಗೆ ಹೋದರೆ ಹೆಡ್ ಟ್ಯೂಬ್ ಹಿಗ್ಗಿದೆ, ಅನುಭವಿ ಮೆಕ್ಯಾನಿಕ್ ನೋಡಬೇಕು. ಕಾರ್ಬನ್ ಫೋರ್ಕಿಗೆ ಸುತ್ತಿಗೆ ತಾಗಿಸಬೇಡಿ. ಕೇಬಲ್, ಬ್ರೇಕ್ ಹೋಸ್ ಎಲ್ಲ ಬೇರಿಂಗ್ ಒಳಗಿಂದಲೇ ಹೋಗುವ ಹೊಸ ರೋಡ್ ಬೈಕ್‌ಗಳನ್ನೂ ಮೊದಲ ಪ್ರಯತ್ನಕ್ಕೆ ಆರಿಸಬೇಡಿ.

ಆಮೇಲೆ ಏನು ನೋಡಿಕೊಳ್ಳಬೇಕು?

ಹೊಸ ಕಪ್‌ಗಳು ಓಡಾಟಕ್ಕೆ ಇನ್ನಷ್ಟು ಒಳಗೆ ಕೂತು ಪ್ಲೇ ಬರುವುದುಂಟು. ಮೊದಲ ವಾರದಲ್ಲೇ ಬ್ರೇಕ್ ಹಿಡಿದು ಅಲ್ಲಾಡಿಸಿ ನೋಡಿ, ಬೇಕಾದರೆ ಒಮ್ಮೆ ಹೊಂದಿಸಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಹೆಡ್ ಕಡೆ ಹಿಡಿಯಬೇಡಿ. ಒದ್ದೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಬೇಡಿ, ನೀರು ಸೀದಾ ಬೇರಿಂಗ್ ಒಳಗೆ ಇಳಿಯುತ್ತದೆ. ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದಿದ್ದರೆ ಹಾಕಿಸಿ. ಹಳೇ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಕೆಳಗಿನ ಸಂದಿಗೆ ಸಡಿಲವಾಗಿ ಸುತ್ತಿದರೂ ಕೆಸರು ತಡೆಯುತ್ತದೆ. ಮಗಳ ಸೈಕಲ್‌ಗೆ ನಾನು ಸುತ್ತಿರುವುದು ಅದನ್ನೇ. ಜೂನ್‌ಗೆ ಮೊದಲು ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಬಿಚ್ಚಿ ಗ್ರೀಸ್ ಬದಲಿಸುತ್ತೇನೆ. ಈಗ ಬಾಲ್ಸ್ ಎಣಿಸುವುದು ಅವಳ ಕೆಲಸ.